ಹೊಣೆ ಹೊತ್ತನಾ? ಎಷ್ಟು ಕಟ್ಟಿದ?

ಕೋಲಾರ, 30 ಏಪ್ರಿಲ್ 2023, ಭಾನುವಾರ

ಬೆಳಗ್ಗೆಯಿಂದ ಬೀದಿ ತುಂಬ ಚುನಾವಣೆ ಆಟೋಗಳ ಕೂಗು. ಮತದಾನಕ್ಕೆ ಇನ್ನೂ ಹತ್ತು ದಿನ ಇದೆ. ಈ ಗಲಾಟೆಯಲ್ಲೇ ಅಕ್ಕನ ಮಗ ಬೆಂಗಳೂರಿನ ರೂಮು ಖಾಲಿ ಮಾಡಿಕೊಂಡು ಬಂದ. ಒಂದು ಬ್ಯಾಗು, ಒಂದು ಹಾಸಿಗೆ, ಒಂದು ಕುಕ್ಕರ್. ಕೆಲಸದಿಂದ ತೆಗೆದಿದ್ದೇವೆ ಅಂತ ಗುರುವಾರ ಕಂಪನಿಯಿಂದ ಮೇಲ್ ಬಂತಂತೆ. ಹತ್ತು ನಿಮಿಷಕ್ಕೆ ಲಾಗಿನ್ ಬಂದ್.

ಊಟ ಆದ ಮೇಲೆ ಆ ಮೇಲನ್ನು ಕನ್ನಡ ಮಾಡಿ ಅಪ್ಪನಿಗೆ ಓದಿ ಹೇಳಿದ. ‘ಇದರ ಪೂರ್ತಿ ಹೊಣೆ ನನ್ನದೇ’ ಅಂತ ಸಿಇಒ ಬರೆದಿದ್ದರು.

ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಪ್ಪ ತಲೆ ಎತ್ತಿದರು. “ಹೊಣೆ ಹೊತ್ತನಾ? ಎಷ್ಟು ಕಟ್ಟಿದನಂತೆ?”

“ಕಟ್ಟೋದೇನಿಲ್ಲ ತಾತ, ಸುಮ್ನೆ ಹೇಳ್ತಾರೆ” ಅಂತ ಹುಡುಗ ನಕ್ಕ. ನನಗೆ ನಗು ಬರಲಿಲ್ಲ. ಅಪ್ಪನಿಗೆ ಹೊಣೆ ಅಂದ್ರೆ ಜಾಮೀನು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಮನೆಯವರ ಸೊಸೈಟಿ ಸಾಲಕ್ಕೆ ಹೊಣೆ ನಿಂತಿದ್ದರು. ಅವರು ಊರು ಬಿಟ್ಟರು. ಎರಡು ಸೀಮೆಹಸು ನಮ್ಮ ಕೊಟ್ಟಿಗೆ ಬಿಟ್ಟವು. ಡೈರಿಗೆ ಹಾಲು ಹಾಕುತ್ತಿದ್ದ ಮನೆಯಲ್ಲಿ ಆ ವರ್ಷ ಕಾಫಿಗೂ ಹಾಲು ಕೊಂಡು ತಂದೆವು.

ಬೇರೆ ಕಂಪನಿಗಳ ದೊಡ್ಡವರು ಏನಂದಿದ್ದಾರೆ ಅಂತ ಸಂಜೆ ಫೋನಿನಲ್ಲಿ ಹುಡುಕುತ್ತಾ ಕೂತೆವು. ಎಲ್ಲರದೂ ಒಂದೇ ಅಚ್ಚಿನ ಮಾತು. ಹೋದ ನವೆಂಬರಿನಲ್ಲಿ 11,000 ಜನರನ್ನು ತೆಗೆದ ಮೆಟಾದ (ಫೇಸ್‌ಬುಕ್‌ನ ಕಂಪನಿ) ಜುಕರ್‌ಬರ್ಗ್ ಹೊಣೆ ನನ್ನದು ಅಂದರು. ಜನವರಿ 20ಕ್ಕೆ ಗೂಗಲ್‌ನಲ್ಲಿ 12,000 ಕೆಲಸ ಕಡಿತ ಅಂದಾಗ ಸುಂದರ್ ಪಿಚೈ ಕೂಡ ಅದನ್ನೇ ಅಂದರು. ಮೊನ್ನೆ ಅವರ 2022ರ ಸಂಪಾದನೆ ಹೊರಬಿತ್ತು: 22.6 ಕೋಟಿ ಡಾಲರ್. ಬಹುಪಾಲು ಮೂರು ವರ್ಷಕ್ಕೊಮ್ಮೆ ಕೊಡುವ ಷೇರು, ಅದನ್ನೂ ಹೇಳಬೇಕಲ್ಲ. ಆದರೂ ಇದರಲ್ಲಿ ಹಸು ಎಲ್ಲಿ ಹೋಯಿತು ಅಂತ ನನಗೆ ಕಾಣಲಿಲ್ಲ.

ಕಟ್ಟಿದವರೂ ಇದ್ದಾರೆ. ಫೆಬ್ರವರಿಯಲ್ಲಿ ವಿಡಿಯೊ ಕಾಲ್‌ನ ಜೂಮ್ ಕಂಪನಿ 1,300 ಜನರನ್ನು ಕಳಿಸಿದಾಗ ಅದರ ಸಿಇಒ ಎರಿಕ್ ಯುವಾನ್ ತಮ್ಮ ಸಂಬಳವನ್ನು 98% ಇಳಿಸಿಕೊಂಡು ಬೋನಸ್ಸೂ ಬಿಟ್ಟರು. ಷೇರು ರಾಶಿ ಇದೆ, ಊಟಕ್ಕೇನೂ ತೊಂದರೆ ಇಲ್ಲ ಬಿಡಿ. ನನಗೆ ಹಿಡಿಸಿದ್ದು ಜಪಾನಿನ ವಿಡಿಯೊ ಗೇಮ್ ಕಂಪನಿ ನಿಂಟೆಂಡೊದ ಮುಖ್ಯಸ್ಥರಾಗಿದ್ದ ಸಟೋರು ಇವಾಟಾ. 2014ರಲ್ಲಿ ವ್ಯಾಪಾರ ಕುಸಿದಾಗ ಐದು ತಿಂಗಳು ಅರ್ಧ ಸಂಬಳ ತೆಗೆದುಕೊಂಡರು. ಕೆಲಸ ಹೋಗುವ ಭಯದಲ್ಲಿರುವವರು ಒಳ್ಳೆ ಆಟ ಮಾಡೋದು ಹೇಗೆ ಅನ್ನುವುದು ಅವರ ವಾದ.

ವೇಮಗಲ್ ಫ್ಯಾಕ್ಟರಿಯಲ್ಲಿ ಇಷ್ಟು ವರ್ಷ ದುಡಿದ ನನಗೆ ಗೊತ್ತಿರುವುದು 1947ರ ಕೈಗಾರಿಕಾ ವಿವಾದ ಕಾಯ್ದೆ. ಅಲ್ಲಿ ಹೊಣೆಗೆ ಲೆಕ್ಕ ಇದೆ. ಕೆಲಸದಿಂದ ತೆಗೆದರೆ ಒಂದು ತಿಂಗಳ ನೋಟಿಸು ಇಲ್ಲವೇ ಸಂಬಳ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ಮ್ಯಾನೇಜರ್‌ಗಳಿಗೆ ಈ ಲೆಕ್ಕ ಇಲ್ಲ. ಆದರೆ ನಮ್ಮ ಹುಡುಗನ ಹುದ್ದೆ ಹೆಸರಿಗೆ ಮ್ಯಾನೇಜರ್, ಕೈಕೆಳಗೆ ಒಬ್ಬರೂ ಇಲ್ಲ. ಕೋರ್ಟು ನೋಡೋದು ಹೆಸರಲ್ಲ, ಮಾಡುವ ಕೆಲಸ.

ರಾತ್ರಿ ಮಲಗುವ ಮುಂಚೆ ಮೆಲ್ಲಗೆ ಇನ್ನೊಂದು ವಿಷಯ ಬಿಚ್ಚಿದ. ಎಚ್‌ಆರ್‌ನವರು ಒಂದು ಕಾಗದ ಕಳಿಸಿದ್ದಾರೆ: ‘ನಾನು ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಡುತ್ತಿದ್ದೇನೆ.’ ಎರಡು ಸಲ ಫೋನೂ ಬಂದಿದೆ.

“ಸಹಿ ಹಾಕಿದೆಯಾ?”

“ಇನ್ನೂ ಇಲ್ಲ ಮಾವ.”

ನಾಳೆ ಕಾರ್ಮಿಕರ ದಿನ, ಆಫೀಸುಗಳಿಗೆ ರಜ. ಮಂಗಳವಾರ ಯಾರಾದರೂ ವಕೀಲರ ಹತ್ತಿರ ಕರೆದುಕೊಂಡು ಹೋಗಬೇಕು. ಅಲ್ಲಿವರೆಗೆ ಫೋನು ನನ್ನ ಹತ್ತಿರವೇ ಇರಲಿ ಅಂತ ಇಸಕೊಂಡಿದ್ದೇನೆ.