ಒಂದು ಮಗು, ಎರಡು ಜನ್ಮದಿನಾಂಕ

ಸಬ್‌ಇನ್‌ಸ್ಪೆಕ್ಟರ್ ಎರಡು ಕಾಗದಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಕೇಳಿದರು: "ಏನಮ್ಮಾ, ಈ ಮಗು ಎರಡು ಸಲ ಹುಟ್ಟಿದೆಯೇ?" ನಿರಾಶ್ರಿತರ ಕಾರ್ಡಿನಲ್ಲಿ 1-1-2014 ಎಂದಿತ್ತು. ನೋಟರಿ ಅಫಿಡವಿಟ್‌ನಲ್ಲಿ 10-6-2016. ಎರಡನೆಯದನ್ನು ಮಾಡಿಸಿದವಳು ನಾನು.

ಬೆಂಗಳೂರಿನ ಉತ್ತರದ ಅಂಚಿನಲ್ಲಿ ಗುಜರಿ ವಿಂಗಡಿಸಿ ಬದುಕುವ, ಮ್ಯಾನ್ಮಾರ್‌ನಿಂದ ಬಂದ ರೋಹಿಂಗ್ಯಾ ಕುಟುಂಬಗಳ ಶೆಡ್ಡುಗಳು, ಸಂಸ್ಥೆಯೊಂದರ ಕಾರ್ಯಕರ್ತೆಯಾದ ನನ್ನ ಫೀಲ್ಡ್. 2022ರ ಜೂನ್‌ನಲ್ಲಿ ಆ ಹುಡುಗಿಯನ್ನು ಶಾಲೆಗೆ ಸೇರಿಸಲು ಹೋದಾಗ ಮುಖ್ಯೋಪಾಧ್ಯಾಯರು, ಕಾರ್ಡಿನ ಪ್ರಕಾರ ವಯಸ್ಸು ಎಂಟು, ಮೂರನೇ ತರಗತಿಗೇ ಸೇರಿಸಬೇಕು ಎಂದರು. ಮಗುವಿಗೆ ಒಂದಕ್ಷರವೂ ಬಾರದು. ಅಂಥ ಮಕ್ಕಳಿಗೆ ವಿಶೇಷ ತರಬೇತಿ ಕೊಡಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಅದನ್ನು ಕೇಳಿ ಪತ್ರ ಬರೆಯಬೇಕಿತ್ತು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಅಲೆಯಬೇಕಿತ್ತು. ತಿಂಗಳ ವರದಿಯಲ್ಲಿ ದಾಖಲಾತಿ ಸಂಖ್ಯೆ ತೋರಿಸುವ ಒತ್ತಡವಿತ್ತು. ಒಂದನೇ ತರಗತಿಗೆ ಸರಿಹೊಂದುವ ದಿನಾಂಕವನ್ನು ನಾನೇ ಊಹಿಸಿ, ಓದಲು ಬಾರದ ತಂದೆಯಿಂದ ಸ್ಟಾಂಪ್ ಪೇಪರಿನ ಮೇಲೆ ಹೆಬ್ಬೆಟ್ಟು ಒತ್ತಿಸಿದೆ. ಮಗುವಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ.

ನಾಲ್ಕು ತಿಂಗಳ ನಂತರ ಠಾಣೆಯಿಂದ ಆ ತಂದೆಗೆ ದಾಖಲೆಗಳ ವೆರಿಫಿಕೇಷನ್‌ಗೆ ಕರೆ ಬಂತು. ಕೆಂಪು ಮೊಹರಿನ ಆ ಕಾಗದದ ಮೇಲೆ ಆತನಿಗೆ ಬಹಳ ಭರವಸೆ. ಕಾರ್ಡಿಗಿಂತ ಮೊದಲು ಅದನ್ನೇ ಚಾಚಿದ.

ನಾನು ಜಿನೀವಾ, ಮಾನವ ಹಕ್ಕು ಎಂದು ಮಾತು ಶುರುಮಾಡಿದೆ. "1951ರ ನಿರಾಶ್ರಿತರ ಒಪ್ಪಂದಕ್ಕೆ ನಾವು ಸಹಿ ಹಾಕಿಲ್ಲ ಮೇಡಂ," ಎಂದು ಸಬ್‌ಇನ್‌ಸ್ಪೆಕ್ಟರ್ ತಡೆದರು. ಅದು ನಿಜ. ಆಗ ಜಾರಿಯಲ್ಲಿದ್ದ 1946ರ ವಿದೇಶಿಯರ ಕಾಯ್ದೆಯಲ್ಲಿ ರುಜುವಾತಿನ ಹೊಣೆ ಪೊಲೀಸರದಲ್ಲ, ಸಿಕ್ಕಿಬಿದ್ದವನದಾಗಿತ್ತು. ಕಾಗದಗಳು ತಾಳೆಯಾಗದಿದ್ದರೆ ಅನುಮಾನಕ್ಕೆ ಅಷ್ಟೇ ಸಾಕು. ಮಗು ಅವನದೇ ಹೌದೋ ಅಲ್ಲವೋ ಎಂಬ ಪ್ರಶ್ನೆಯೂ ಬಂತು. ತಂದೆಗೆ ಕನ್ನಡ ಅರ್ಥವಾಗುತ್ತಿರಲಿಲ್ಲ. ಅವನು ಮೇಜಿನತ್ತ ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ. ಆ ನಲವತ್ತು ನಿಮಿಷ ನನ್ನ ಕೈ ತಣ್ಣಗಾಗಿತ್ತು. ಕಚೇರಿಗೆ ಫೋನ್ ಮಾಡಿದರೆ ಮೇಲಿನವರು, "ಸಂಸ್ಥೆಯ ಹೆಸರು ಎಳೆಯಬೇಡಿ" ಎಂದು ಇಟ್ಟುಬಿಟ್ಟರು. ಆ ಮಾತನ್ನು ನಾನು ಈಗಲೂ ಕ್ಷಮಿಸಿಲ್ಲ.

ಕೊನೆಗೆ, "ಸರ್, ದಿನಾಂಕ ನಾನು ಬರೆಸಿದ್ದು, ಅವನಿಗೆ ಅದರಲ್ಲೇನಿದೆ ಎಂದೇ ತಿಳಿಯದು," ಎಂದು ಹೇಳಿ ಹಾಗೆಯೇ ಬರೆದುಕೊಟ್ಟೆ. ಈ ಮಾತನ್ನು ಮೊದಲ ನಿಮಿಷದಲ್ಲೇ ಹೇಳಬೇಕಿತ್ತು. ರಾತ್ರಿ ಎಂಟಕ್ಕೆ ಬಿಟ್ಟರು. ವಾರಕ್ಕೊಮ್ಮೆ ಸಹಿಗೆ ಬರಬೇಕೆಂಬ ಷರತ್ತು ಬಿದ್ದದ್ದು ಅವನ ಮೇಲೆ; ನನಗೆ ಯಾವ ಷರತ್ತೂ ಇರಲಿಲ್ಲ.

ಆಟೋದಲ್ಲಿ, ಅಷ್ಟು ಹೊತ್ತು ಠಾಣೆಯ ಹೊರಗೆ ಕಾದಿದ್ದ ತಾಯಿಯನ್ನು ಮಗಳು ಯಾವಾಗ ಹುಟ್ಟಿದಳೆಂದು ಹಿಂದಿಯಲ್ಲಿ ಕೇಳಿದೆ. ಆಕೆ ತಡವರಿಸಲೇ ಇಲ್ಲ: "ರಂಜಾನ್ ಈದ್ ಕಳೆದ ಮೂರನೆಯ ದಿನ. ಹತ್ತು ದಿನವಾಗುವಷ್ಟರಲ್ಲಿ ದೊಡ್ಡ ನೆರೆ ಬಂತು, ಕೂಸನ್ನು ತಲೆಯ ಮೇಲೆ ಹೊತ್ತಿದ್ದೆ." ಕೋಮೆನ್ ಚಂಡಮಾರುತದಲ್ಲಿ ಮ್ಯಾನ್ಮಾರ್‌ನ ರಾಖೈನ್ ಪ್ರಾಂತ್ಯ ಮುಳುಗಿದ್ದು 2015ರ ಜುಲೈ ಕೊನೆಯಲ್ಲಿ. ಅಂದರೆ ಎರಡು ದಿನಾಂಕಗಳೂ ತಪ್ಪು. ಮೂರು ವರ್ಷದಿಂದ ಅವರ ಶೆಡ್ಡಿನಲ್ಲಿ ಚಹಾ ಕುಡಿದವಳು ನಾನು, ಇದನ್ನು ಕೇಳಿರಲಿಲ್ಲ.

ಮರುದಿನ ಆಕೆಯ ಮಾತನ್ನು ಕೇಸ್ ಫೈಲಿನಲ್ಲಿ ಇದ್ದಂತೆಯೇ ಬರೆದಿಟ್ಟೆ. ನಮ್ಮ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಜಾಗವಿಲ್ಲ. ಅಲ್ಲಿ ಇನ್ನೂ 1-1-2014 ಎಂದೇ ಇದೆ.