ಎಂಟು ಸ್ಥಾನಕ್ಕೆ ಹನ್ನೊಂದು ಚೆಸ್ ಎಂಜಿನ್‌: ಆಯ್ಕೆಯ ಕೆಲಸ ಎಲ್ಲಿಗೆ ಬಂತು

ಶನಿವಾರ

ಚೆಸ್ ಎಂಜಿನ್, ಅಂದರೆ ಚೆಸ್ ಆಡುವ ಪ್ರೋಗ್ರಾಂಗಳಿಗೆ ನಾನು ಏರ್ಪಡಿಸಿದ ಪಂದ್ಯಾವಳಿಯ ಅರ್ಹತಾ ಸುತ್ತು ಶಿರಸಿಯ ಮಳೆಗೆ ಕರೆಂಟು ಹೋಗಿ ಮೂರನೇ ಸಲ ಅರ್ಧಕ್ಕೆ ನಿಂತಿತು. ಇನ್ವರ್ಟರ್ ದೀಪ, ಫ್ಯಾನು ಎಳೆಯುತ್ತದೆ. ನಾಲ್ಕು ಕೋರ್ ಕಾಯಿಸುತ್ತ ಕೂತ ಕಂಪ್ಯೂಟರ್ ಅದಕ್ಕೆ ಭಾರ. ಒಂದೇ ಆರಂಭದಿಂದ ಬಣ್ಣ ಬದಲಿಸಿ ಎರಡು ಆಟ ಆಡಿಸುತ್ತೇನೆ. ಜೋಡಿಯಲ್ಲಿ ಒಂದು ಕೆಟ್ಟರೆ ಇನ್ನೊಂದನ್ನೂ ಎಸೆಯಬೇಕು, ಇಲ್ಲವಾದರೆ ಬಿಳಿ ಕಾಯಿಯ ಲಾಭ ಒಬ್ಬರ ಪಾಲಾಗುತ್ತದೆ. ಹೀಗೆ ಎಸೆದ ಆಟಗಳೇ ಒಂದು ಕಂತೆಯಾದವು.

ರೇಟಿಂಗ್ ನೋಡಿ ಮೊದಲ ಎಂಟನ್ನು ಆರಿಸುವುದೆಂದು ಹೊರಟಿದ್ದೆ. ಆದರೆ ಹನ್ನೊಂದರಲ್ಲಿ ಮೂರು, ಉಚಿತವಾಗಿ ಸಿಗುವ ಹೆಸರಾಂತ ಎಂಜಿನ್ ಸ್ಟಾಕ್‌ಫಿಶ್‌ನಿಂದಲೇ ಹುಟ್ಟಿದವು. ಅದರಲ್ಲಿ ಕಳ್ಳತನವೇನೂ ಇಲ್ಲ. ಸ್ಟಾಕ್‌ಫಿಶ್ ಕೂಡ 2008ರಲ್ಲಿ ಗ್ಲೌರಂಗ್ ಎಂಬ ಎಂಜಿನ್‌ನಿಂದ ಕವಲೊಡೆದದ್ದೇ. ಅದರ ಕೋಡನ್ನು ಯಾರು ಬೇಕಾದರೂ ತಿದ್ದಬಹುದು, ತಿದ್ದಿ ಹಂಚಿದರೆ ತಮ್ಮ ಕೋಡನ್ನೂ ಕೊಡಬೇಕು, ಅಷ್ಟೆ. ಆದರೂ ಅಣ್ಣತಮ್ಮಂದಿರೇ ಆಡುವ ಪಂದ್ಯಾವಳಿ ನೋಡುವುದಕ್ಕೆ ಯಾರು ಬರುತ್ತಾರೆ? ‘ಒಂದು ಮನೆಗೆ ಒಂದೇ ಎಲೆ’ ಎಂದು ನಿಯಮ ಮಾಡಿದೆ. ಎರಡು ಹೊರಬಿದ್ದವು, ಒಂಬತ್ತು ಉಳಿದವು.

ಹೊರಬಿದ್ದದ್ದರಲ್ಲಿ ಒಂದು ಕುಮಟಾದ ವಿದ್ಯಾರ್ಥಿಯದು. ‘ನಡೆ ಹುಡುಕುವ ಭಾಗ ಸ್ಟಾಕ್‌ಫಿಶ್‌ನದು, ಸ್ಥಿತಿ ಅಳೆಯುವ ಭಾಗ ನನ್ನದು’ ಎಂದು ಕಡತದ ಮೊದಲ ಸಾಲಿನಲ್ಲೇ ಬರೆದಿದ್ದಾನೆ. ಒಪ್ಪಿಕೊಂಡವನು ಹೊರಗೆ, ಸುಮ್ಮನಿದ್ದವನು ಒಳಗೆ. ಈ ನಿಯಮ ಮಾಡಿದ್ದು ನಾನೇ.

ಮಂಗಳವಾರ

ಹಾಗಾಗಿ ಸುಮ್ಮನಿದ್ದವರನ್ನೂ ಪರೀಕ್ಷಿಸಿದೆ. ಆಟದ ನಡುವಿನ ಐನೂರು ಸ್ಥಿತಿ, ಒಂದೊಂದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ. ಎರಡು ಎಂಜಿನ್‌ಗಳು ಎಷ್ಟು ಕಡೆ ಒಂದೇ ನಡೆ ಆರಿಸುತ್ತವೆ ಎಂದು ಎಣಿಸುವುದು. ಒಂದೇ ಒಳ್ಳೆಯ ನಡೆ ಇರುವ ಸ್ಥಿತಿಗಳನ್ನು ಮೊದಲೇ ತೆಗೆದುಹಾಕಿದ್ದೆ. ಅಲ್ಲಿ ಯಾರು ಆಡಿದರೂ ಅದೇ. ‘ಪೂರ್ತಿ ಸ್ವಂತದ್ದು’ ಎಂದು ಕಾರವಾರದಿಂದ ಬಂದ ಎಂಜಿನ್ 311 ಕಡೆ ಸ್ಟಾಕ್‌ಫಿಶ್ ಜೊತೆ ಹೆಜ್ಜೆ ಹಾಕಿತು. ಉಳಿದವು ಯಾವುದೂ 240 ದಾಟಲಿಲ್ಲ.

ಇದು ಅನುಮಾನಕ್ಕೆ ಸಾಕು, ಶಿಕ್ಷೆಗೆ ಸಾಲದು. ರಿಬ್ಕಾ ಎಂಬ ಎಂಜಿನ್ ಗೆದ್ದಿದ್ದ 2007ರಿಂದ 2010ರವರೆಗಿನ ನಾಲ್ಕು ವಿಶ್ವ ಪ್ರಶಸ್ತಿಗಳನ್ನು ಕಂಪ್ಯೂಟರ್ ಆಟಗಳ ಅಂತರರಾಷ್ಟ್ರೀಯ ಸಂಘ ಐಸಿಜಿಎ 2011ರಲ್ಲಿ ಕಿತ್ತುಕೊಂಡಿತು. ಫ್ರೂಟ್, ಕ್ರಾಫ್ಟಿ ಎಂಬ ಎಂಜಿನ್‌ಗಳ ನಕಲು ಎಂಬುದು ಆರೋಪ. ಪ್ರೋಗ್ರಾಮರ್‌ಗಳ ತಂಡವೇ ಕೂತು ಕೋಡ್ ಹೋಲಿಸಿತ್ತು, ಆದರೂ ಜಗಳ ಮುಗಿಯಲಿಲ್ಲ. ನನ್ನ ಕೈಯಲ್ಲಿರುವುದು ಬರೀ ಒಂದು ಎಣಿಕೆ.

ಕಾರವಾರಕ್ಕೆ ಫೋನ್ ಮಾಡಿ ಕೋಡ್ ತೋರಿಸಲು ಕೇಳಿದೆ. ಹುಡುಗ ಸಿಟ್ಟಾಗಲಿಲ್ಲ. “ತೋರಿಸುತ್ತೇನೆ ಮಾಸ್ತರೇ. ಆದರೆ ಪಟ್ಟಿಯಲ್ಲಿ ನಾನು ಎಂಟನೆಯವನು. ಒಂಬತ್ತನೆಯದು ಯಾರದು?”

ಒಂಬತ್ತನೆಯದು ನನ್ನದು.

ಗುರುವಾರ

ಅವನಿಗೂ ನನಗೂ ಇದ್ದ ಅಂತರ 14 ರೇಟಿಂಗ್ ಅಂಕ. ನೂರು ಆಟಗಳ ಲೆಕ್ಕದಲ್ಲಿ ಸುಮಾರು 50 ಅಂಕ ಆಚೀಚೆ ಆಗುವುದು ಸಹಜ, ಹಾಗಾಗಿ ಎಂಟು, ಒಂಬತ್ತು ಎಂಬುದಕ್ಕೇ ಅರ್ಥವಿರಲಿಲ್ಲ. ಅದೂ ನನಗೆ ಹೊಳೆದದ್ದು ಅವನು ಕೇಳಿದ ಮೇಲೆ.

ನನ್ನ ಎಂಜಿನ್ ಹಿಂದಕ್ಕೆ ತೆಗೆದುಕೊಂಡೆ. ಎರಡು ವರ್ಷದ ಕೆಲಸ; ಬೇಜಾರಾಗಲಿಲ್ಲ ಎಂದರೆ ಸುಳ್ಳು. ಕಾರವಾರದ ಕೋಡನ್ನು ಈ ಪಟ್ಟಿಯಲ್ಲಿ ಹೆಸರಿಲ್ಲದ ಇಬ್ಬರು ನೋಡುತ್ತಾರೆ, ನಾನು ನೋಡುವುದಿಲ್ಲ. ಕಾರವಾರದ್ದು ಬಿದ್ದರೆ, ನನ್ನ ನಿಯಮ ಸಡಿಲಿಸಿ, ಆ ಜಾಗ ಕುಮಟಾದವನಿಗೆ, ಅವನ ಎಂಜಿನ್ ಹೆಸರಿನ ಮುಂದೆ ಸ್ಟಾಕ್‌ಫಿಶ್ ಹೆಸರನ್ನೂ ಬರೆದು.

ಎಸೆದ ಆಟಗಳನ್ನು ಇಂದು ರಾತ್ರಿ ಮತ್ತೆ ಆಡಿಸಲು ಹಚ್ಚಿದ್ದೇನೆ. ಹತ್ತೂವರೆಯಾಯಿತು, ಕರೆಂಟು ಇನ್ನೂ ಇದೆ.