ರೇಲಿಂಗಿಗೆ ಯಾರ ಹೆಸರು ಬರಸೋದು?

ನಮ್ಮ ಕಡೆ ಈಗ ಊರೂರಾಗ ಗುಡಿ ಜೀರ್ಣೋದ್ಧಾರ ನಡದಾವು. ಕೊಪ್ಪಳದಿಂದ ಗಂಗಾವತಿ ಕಡೆ ಹೊಂಟ್ರ ಸಾಕು, ಹೊಸ ಗೋಪುರ, ಹೊಸ ಬಣ್ಣ, ಹೊಸ ಮಹಾದ್ವಾರ. ಖುಷಿನೇ ಬಿಡ್ರಿ. ಆದ್ರ ಸಿವಿಲ್ ಡಿಪ್ಲೊಮಾ ಮಾಡಿದ ಕರ್ಮಕ್ಕ ನನಗ ಗೋಪುರಕ್ಕಿಂತ ಮೊದಲು ಮೆಟ್ಟಲಾ ಕಾಣತಾವು. ಒಂದು 6 ಇಂಚು, ಅದರ ಮ್ಯಾಲಿಂದು 9 ಇಂಚು, ಕಟ್ಟಕಡೀದು ಇನ್ನೂ ಎತ್ತರ, ಯಾಕಂದ್ರ ಹಳೇ ಕಲ್ಲಿನ ಮ್ಯಾಲೇ ಹೊಸ ಗ್ರಾನೈಟ್ ಕುಂದ್ರಿಸಿರತಾರ, ಅದೂ ಕನ್ನಡಿಗತೆ ಪಾಲಿಶ್ ಮಾಡಿದ್ದು, ಹಿಡಕೊಳ್ಳಾಕ ಬಾಜೂಕ ಒಂದು ಪೈಪೂ ಇರಂಗಿಲ್ಲ.

ನಮ್ಮೂರ ಗುಡಿ ಕಮಿಟಿಯವ್ರು ಎಸ್ಟಿಮೇಟ್ ನೋಡಾಕ ಅಂತ ನನ್ನ ಮೀಟಿಂಗಿಗೆ ಕರೀತಾರ. ಅಲ್ಲಿ ಮಜಾ ಏನಂದ್ರ ಗ್ರಾನೈಟಿಗೆ ಒಬ್ರು, ಗಂಟಿಗೆ ಒಬ್ರು, ಬಾಗಿಲ ಬೆಳ್ಳಿ ತಗಡಿಗೆ ಒಬ್ರು ಅಂತ ದಾನಿಗಳು ತಾವಾಗೇ ಮುಂದ ಬರತಾರ. ಎಲ್ಲಾದರ ಮ್ಯಾಲೂ ಹೆಸರು ಬೇಕು. ಫ್ಯಾನಿನ ರೆಕ್ಕಿ ಮ್ಯಾಲೂ ಹೆಸರು ಬರಸ್ಯಾರ, ಫ್ಯಾನ್ ತಿರಗೂ ಮುಂದ ಯಾರು ಓದತಾರೋ ಆ ದೇವ್ರಿಗೇ ಗೊತ್ತು. ರೇಲಿಂಗಿಗೆ ಮಾತ್ರ ಒಬ್ರೂ ಇಲ್ಲ. ಪೈಪಿನ ಮ್ಯಾಲೆ ಹೆಸರು ಕೆತ್ತಾಕ ಜಾಗಾ ಎಲ್ಲಿರತೈತಿ! ನನಗನಸೋದು, ವಯಸ್ಸಾದೋರಿಗೆ ನಮ್ಮ ಗುಡಿಗೋಳು ಒಗ್ಗದಾಂಗ ಆಗಿದ್ದು ರೊಕ್ಕ ಇಲ್ಲದ್ದಕ್ಕಲ್ಲ, ರೊಕ್ಕ ಎಲ್ಲಾ ಕಣ್ಣಿಗೆ ಕಾಣೋ ಕಡೆ ಹೋಗಾಕತ್ತಿದ್ದಕ್ಕ.

ಮತ್ತ ಹಿರೇರು ಬಾಯಿಬಿಟ್ಟು ಕೇಳಂಗಿಲ್ಲ. ಮೆಟ್ಟಲಾ ಹತ್ತಾಕ ಆಗವಲ್ದು ಅಂತ ಕಮಿಟಿ ಮುಂದ ಬಂದು ಹೇಳಿದ ಒಬ್ಬ ಮುತ್ಯಾನ್ನೂ ನಾ ನೋಡಿಲ್ಲ. ಸುಮ್ನ ಬರೋದು ಬಿಡತಾರ. ನಮ್ಮ ದೊಡ್ಡವ್ವ ಮೊದಲು ಸೋಮವಾರ ತಪ್ಪಿಸ್ತಿರಲಿಲ್ಲ, ಈಗ ಕೇಳಿದ್ರ "ದೇವ್ರು ಮನ್ಯಾಗೂ ಅದಾನ ಬಿಡಪಾ" ಅಂತಾಳ. ವೈರಾಗ್ಯ ಅಲ್ರೀ ಅದು, ಮೊಣಕಾಲು.

2023ರ ಜೂನ್ 11ಕ್ಕ ಶಕ್ತಿ ಯೋಜನೆ ಶುರುವಾದ ಮ್ಯಾಲಂತೂ ಹುಣ್ಣಿಮಿ ದಿನ ಹುಲಿಗಿಗೆ ಹೋಗೋ ಬಸ್ ನೋಡ್ರಿ, ಮುದುಕೇರ ಜಾತ್ರಿನೇ. ಆಧಾರ್ ಕಾರ್ಡ್ ತೋರಿಸಿದ್ರ ಹುಲಿಗೆಮ್ಮನ ಊರ ತನಕ ಟಿಕೆಟ್ ಫ್ರೀ. ಸರ್ಕಾರ ಅಷ್ಟು ದೂರದಿಂದ ಕರಕೊಂಡು ಬಂದೈತಿ, ಇನ್ನ ಬಸ್ಸಿಳಿದು ದೇವ್ರ ಮುಂದ ನಿಂದ್ರೋ ತನಕದ ದಾರಿ ನೋಡಿಕೊಳ್ಳೋದು ಎಲ್ಲಾ ಗುಡಿ ಕಮಿಟಿಗಳ ಕೆಲಸ, ನಮ್ಮೂರಂಥಾ ಸಣ್ಣೂರಿನವ್ರದೂ ಸೇರಿ.

ಆ ದಾರ್‍ಯಾಗ ಮೊದಲು ಬರೋದು ಬಿಸಿ. ಬಳ್ಳಾರಿ, ರಾಯಚೂರು, ಕೊಪ್ಪಳ ಅಂದ್ರ ಏಪ್ರಿಲ್-ಮೇ ತಿಂಗಳಾಗ 40 ಡಿಗ್ರಿ ದಾಟೋದು ಮಾಮೂಲಿ, ಅಂಗಳದ ಕರೀ ಗ್ರಾನೈಟ್ ಗಾಳಿಗಿಂತ ಎಷ್ಟೋ ಜಾಸ್ತಿ ಕಾದಿರತೈತಿ. ನಾವು ಟಣಟಣ ಜಿಗದು ಓಡಿ ಹೋಗತೀವಿ, ಮುದುಕರು ಓಡಾಕ ಆಗಂಗಿಲ್ಲ. ಅದಕ್ಕಿಂತ ಅಪಾಯದ್ದು ಶುಗರ್ ಇದ್ದೋರದ್ದು. ಭಾಳ ವರ್ಷ ಶುಗರ್ ಇದ್ರ ಪಾದದ ನರ ಜೋಮು ಹಿಡೀತಾವು, ಸುಟ್ಟಿದ್ದು ಗೊತ್ತೇ ಆಗಂಗಿಲ್ಲ, ಮನಿಗೆ ಹೋಗಿ ನೋಡಿದ್ರ ಬೊಬ್ಬಿ, ಅದು ಗಾಯ ಆಗಿ ಮಾಯದೇ ಕುಂತ್ರ ಮುಂದ ಬೆರಳು ತಗಿಯೋ ಮಟ್ಟಕ್ಕ ಹೋಗತೈತಿ. ಇದಕ್ಕ ಲಕ್ಷಗಟ್ಟಲೆ ಖರ್ಚೇನಿಲ್ಲ. ನಡಿಯೋ ದಾರಿಗೆ ಬಿಸಿಲು ತಡಿಯೋ ಬಿಳೀ ಪೇಂಟು, ಇಲ್ಲಾ ನಾರಿನ ಮ್ಯಾಟ್ ಹಾಸಿ ಆವಾಗಾವಾಗ ನೀರು ಹೊಡಿಯೋದು, ಮ್ಯಾಲೊಂದು ನೆರಳು. ಚಪ್ಪಲಿ ಬಿಡೋ ಜಾಗಾನ ಒಂದಿಷ್ಟು ಗುಡಿ ಸನೇಕ ತಂದ್ರ ಇನ್ನೂ ಚೊಲೊ. ಕಾಟನ್ ಸಾಕ್ಸ್ ಹಾಕ್ಕೊಂಡು ಬಂದ ಮುತ್ಯಾನ್ನ ಬೈಯೋದು ಮೊದಲು ಬಿಡಬೇಕು.

ಬೆಳಕಿಂದು ಯಾರಿಗೂ ಹೊಳಿಯಂಗಿಲ್ಲ. 60 ದಾಟಿದ ಕಣ್ಣಿಗೆ 20ರ ಕಣ್ಣಿಗಿಂತ ಹೆಚ್ಚುಕಮ್ಮಿ ಮೂರು ಪಟ್ಟು ಬೆಳಕು ಬೇಕು, ಕಣ್ಣಿನ ಪಾಪಿ ಸಣ್ಣದಾಗಿರತೈತಿ, ಮಸೂರ ಹಳದಿಗಟ್ಟಿರತೈತಿ. ಹೊರಗಿನ ಉರಿಬಿಸಿಲಿಂದ ಒಳಗ ಬಂದ್ರ ಕತ್ತಲಿಗೆ ಒಗ್ಗಾಕ ಟೈಮೂ ಜಾಸ್ತಿ ಹಿಡೀತೈತಿ. ಅಂಥಾ ಹೊತ್ತಿನಾಗ ಕರೀ ನೆಲಕ್ಕ ಕರೀ ಮೆಟ್ಟಲಾ ಇಟ್ರ ಎಲ್ಲಿ ಇಳಿಬೇಕು ಅಂತ ಹೆಂಗ ತಿಳೀಬೇಕು? ನಮ್ಮವ್ವಗೋಳು ಹೊಸ್ತಿಲಕ್ಕ ಅರಿಷಿಣ ಹಚ್ಚತಿದ್ರಲ್ಲ, ಅದು ಇದಕ್ಕಂತ ಮಾಡಿದ್ದಲ್ಲ ಖರೆ, ಆದ್ರ ಹಳದಿ ಗೆರಿ ಕಂಡ ಕೂಡ್ಲೇ ಕಾಲು ತಾನಾಗೇ ಎತ್ತತೈತಿ. ಅದನ್ನ ಪ್ರತಿ ಮೆಟ್ಟಲ ತುದೀಗೂ ಮಾಡ್ರಿ ಅಂದೆ, ಪೇಂಟಿನಾಗ. ಲುಕ್ ಕೆಡತೈತಿ ಅಂದ್ರು. ಇನ್ನ ನೆಲ. ಅಭಿಷೇಕದ ನೀರು, ಎಣ್ಣಿ, ತೆಂಗಿನಕಾಯಿ ನೀರು ಬೀಳೋ ಜಾಗಕ್ಕ ಪಾಲಿಶ್ ಕಲ್ಲು ಬ್ಯಾಡವೇ ಬ್ಯಾಡ, ಅದೇ ಕಲ್ಲು ಫ್ಲೇಮ್ ಫಿನಿಶ್‌ನಾಗ ತರಿತರಿಯಾಗಿ ಸಿಗತೈತಿ.

ರ‍್ಯಾಂಪಿಂದು ದೊಡ್ಡ ಜಗಳ. ನಮ್ಮ ಕಡೆ ಮೇಸ್ತ್ರಿಗೆ ರ‍್ಯಾಂಪ್ ಅಂದ್ರ ಮನಿ ಮುಂದ ಬೈಕ್ ಹತ್ತಸಾಕ ಮಾಡೋದು, ಅಷ್ಟ. ಕೇಂದ್ರ ಸರ್ಕಾರದ 2021ರ ಸುಗಮ್ಯತಾ ಮಾರ್ಗಸೂಚಿ ಪ್ರಕಾರ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು, ಅಂದ್ರ ನಮ್ಮ ಗುಡಿ ಕಟ್ಟಿ 3 ಫೂಟು, ಅದಕ್ಕ 36 ಫೂಟು ಉದ್ದ ಬೇಕು. ಮೇಸ್ತ್ರಿ 10 ಫೂಟಿನಾಗ ಮುಗಸ್ತೀನಿ ಅಂತಾನ. 10 ಫೂಟಿಂದರ ಮ್ಯಾಲೆ ವ್ಹೀಲ್‌ಚೇರ್ ತಳ್ಳಿದ್ರ ತಳ್ಳೋನೇ ಉರುಳಿ ಬೀಳತಾನ. 18 ಫೂಟಿಗೆ ಒಂದು ತಿರುವು ಕೊಟ್ಟು, ನಡಕ ದಮ್ಮು ತಗೊಳ್ಳಾಕ ಸಪಾಟ ಜಾಗಾ ಬಿಟ್ರ ಕಾಯಿ-ಕರ್ಪೂರದ ಅಂಗಡಿ ಒಂಚೂರು ಸರಿಸಬೇಕಾಗತೈತಿ, ಅಷ್ಟ. ಮತ್ತ ಅದನ್ನ ಹಿಂದ, ಕಸ ಒಗಿಯೋ ಕಡೆ ಮಾಡಬ್ಯಾಡ್ರಿ ಅಂತ ನಂದು ಹಟ. ಜೀವಮಾನ ಪೂರ್ತಿ ಮುಂದಿನ ಬಾಗಿಲಿಂದ ಬಂದ ಮನಷ್ಯಾನ್ನ ಕಾಲು ಸೋತವು ಅಂತ ಹಿತ್ತಲಿಂದ ಕರೀತೀರೇನು?

ರಸ್ತೆ ಮ್ಯಾಲಿನ ಗಾಲಿ ಒಳಗ ಬಂದ್ರ ಮೈಲಿಗಿ ಅಂತ ಅರ್ಚಕರು ಅಂದ್ರು. ಅವರ ಮಾತೂ ತಗದು ಹಾಕೂ ಅಂಥದ್ದಲ್ಲ. ಗುಡಿದೇ ಒಂದು ವ್ಹೀಲ್‌ಚೇರ್ ಒಳಗ ಇಡೋಣ, ಅದು ಯಾವತ್ತೂ ಹೊರಗ ಹೋಗೂದು ಬ್ಯಾಡ ಅಂದೆ, ಅವರೂ ಒಪ್ಪಿದ್ರು. ಇದೊಂದು ಅಲ್ಲೇ ಮುಗೀತು.

ಕುಂದ್ರಾಕ ಏನಾರ ಬೇಕು ಅಂದ್ರ ಸಂಪ್ರದಾಯ ಇಲ್ಲ ಅಂದ್ರು. ಇಟಗಿಗೆ ಹೋಗಿ ನೋಡ್ರಿ ಅಂದೆ. ಚಾಲುಕ್ಯ ದೊರಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಾಗ ಕಟ್ಟಿಸಿದ್ದು, ದೇವಾಲಯ ಚಕ್ರವರ್ತಿ ಅಂತ ಹೊಗಳಿಸಿಕೊಂಡ ಗುಡಿ, ನಮ್ಮ ಜಿಲ್ಲಾದ್ದೇ. ಆ ಚಾಲುಕ್ಯರ ಕಾಲದ ತೆರೆದ ಮಂಟಪಗೋಳಾಗ ಸುತ್ತಲೂ ಕುಂದ್ರಾಕ ಕಲ್ಲಿನ ಆಸನ, ಕಕ್ಷಾಸನ ಅಂತಾರ, ಬೆನ್ನು ಹಚ್ಚಾಕ ಒರಗೂ ಇರತೈತಿ. ನಾವು ಬರೀ ಬೋಳು ಹಾಲ್ ಕಟ್ಟಿ ನೆಲಕ್ಕ ಕುಂದ್ರ್ರಿ ಅಂತೀವಿ. ನೆಲಕ್ಕ ಕುಂತ ಮುದುಕಿ ಮಂಗಳಾರತಿಗೆ ಏಳಬೇಕಲ್ಲ, ಬಿಪಿ ಗುಳಗಿ ನುಂಗೋರಿಗೆ ಗಪ್ಪನ ಎದ್ರ ತಲಿ ತಿರಗತೈತಿ. ಒಂದೂವರೆ ಫೂಟ್ ಎತ್ತರದ ಕಟ್ಟಿ ಗ್ವಾಡಿ ಗುಂಟ ಇದ್ರ ಎಲ್ಲಾ ವಯಸ್ಸಿನೋರೂ ಕುಂದ್ರತಾರ, ಯಾರು ಸೊಂಟನೋವಿನೋರು ಅಂತ ಗೊತ್ತೂ ಆಗಂಗಿಲ್ಲ. ಪ್ಲಾಸ್ಟಿಕ್ ಚೇರ್ ಒಂದೇ ಇಟ್ರ ನಾಚಿಕಿಗೆ ಯಾರೂ ಕುಂದ್ರಂಗಿಲ್ಲ. ಗಂಗಾವತಿಯ ನಮ್ಮ ಸಾಬ್ರ ದೋಸ್ತ ಹೇಳತಿದ್ದ, ಅವರ ಮಸೀದ್ಯಾಗ ಸಾಲಿನ ತುದೀಗೇ ಚೇರ್ ಹಾಕತಾರಂತ, ನಮಾಜಿಗೆ ಮೊದಲು ಕೈಕಾಲು ತೊಳಕೊಂಡು ವಜೂ ಮಾಡೋ ನಳದ ಮುಂದೂ ಕುಂದ್ರಾಕ ಕಟ್ಟಿ ಐತಂತ. ಚರ್ಚಿನಾಗಂತೂ ಬೆಂಚ್ ಇದ್ದೇ ಇರತಾವು.

ಪಾಯಖಾನಿ ಬಗ್ಗೆ ಮೀಟಿಂಗಿನಾಗ ಮಾತು ತಗದ್ರ ಎಲ್ಲಾರೂ ಮುಖ ತಿರಗಸ್ತಾರ. ಕೆಲವು ಬಿಪಿ ಗುಳಗಿ ಮೂತ್ರ ಜಾಸ್ತಿ ಮಾಡಸ್ತಾವು, ಅದಕ್ಕ ಹೆದರಿ ಗುಳಗಿ ಬಿಟ್ಟು ಜಾತ್ರಿಗೆ ಬರೋರೂ ಅದಾರ. ಒಂದಾರ ಕಮೋಡ್, ಬಾಜೂಕ ಹಿಡಿಕಿ, ಹೊರಗಿಂದನೂ ತಗಿಯಾಕ ಬರೋ ಚಿಲಕ ಇರಬೇಕು. ಮೈಕಿಂದು ಇನ್ನೊಮ್ಮೆ ಬರೀತೀನಿ, ಸೌಂಡ್ ಏರಿಸಿದ್ರ ಮುದುಕರಿಗೆ ಕೇಳತೈತಿ ಅನ್ನೋದು ಸುಳ್ಳು, ಗ್ರಾನೈಟ್ ಹಾಲ್‌ನಾಗ ಬರೀ ಗುಂಯ್ ಅಂತೈತಿ, ಒಂದಕ್ಷರ ತಿಳಿಯಂಗಿಲ್ಲ.

ಕಷ್ಟಪಟ್ಟು ಹತ್ತಿದ್ರೇ ಪುಣ್ಯ ಅನ್ನೋರಿಗೆ ನಂದೇನೂ ತಕರಾರಿಲ್ಲ. ಅಂಜನಾದ್ರಿ 575 ಮೆಟ್ಟಲಾ ಹತ್ತೋರು ಮನಸ್ಸು ಮಾಡೇ ಬಂದಿರತಾರ, ಅದು ಹರಕಿ. ಊರ ನಡಕಿನ ಗುಡಿಗೆ ದಿನಾ ಸಂಜಿಕ ಬರೋದು ಹರಕಿ ಅಲ್ಲ.

ಈಗ ಕಮಿಟಿ ಒಂದು ತೀರ್ಮಾನಕ್ಕ ಬಂದೈತಿ, ರೇಲಿಂಗಿನ ಬುಡದ ಕಲ್ಲಿಗೆ ದಾನಿ ಹೆಸರು ಹಾಕೋದು ಅಂತ. ಹೇಳಿದ ಕೂಡ್ಲೇ ಇಬ್ರು ಕೈ ಎತ್ತಿದ್ರು, ಇಬ್ರಿಗೂ ಬಲಗಡಿದೇ ಬೇಕಂತ, ಹತ್ತೋರ ಕಣ್ಣಿಗೆ ಅದೇ ಬೀಳತೈತೆಂತ. ಲಕ್ವಾ ಹೊಡದೋರಿಗೆ ಒಂದೇ ಕೈಯಾಗ ಶಕ್ತಿ ಇರತೈತಿ, ಹತ್ತುವಾಗ ಬಲಗಡಿದು ಇಳಿಯುವಾಗ ಎಡಗಡಿಗೆ ಬರತೈತಿ, ಅದಕ್ಕ ಎರಡೂ ಬಾಜು ಬೇಕೇ ಬೇಕು ಅಂತ ಹೇಳಿ ಬಂದೀನಿ. ಬೆಂಗಳೂರಾಗ ಇರೋ ನಮ್ಮೂರ ಹುಡುಗ್ರು ಯಾರಾರ ಓದಾಕತ್ತಿದ್ರ, ಎಡಗಡಿದು ಇನ್ನೂ ಖಾಲಿ ಐತ್ರೆಪಾ.